ಗುರ್ ಎನ್ನದ ನಾಯಿ

ಊರಿನಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಎಲ್ಲರಿಗೂ ಅವರು ನಾಯಿ ಮೇಷ್ಟ್ರು. ಮೊದಮೊದಲು ಈ ಹೆಸರು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ಇಪ್ಪತ್ತೆರಡು ವರ್ಷ ಕಳೆಯುವ ಹೊತ್ತಿಗೆ ಅದೇ ಬಿರುದಿನ ಹಾಗೆ ಮೈಗೆ ಒಗ್ಗಿಹೋಗಿತ್ತು. ಮರಿ ಚಪ್ಪಲಿ ಕಡಿದು ಚಿಂದಿ ಮಾಡುತ್ತದೆ, ಹಾಸಿಗೆಯ ಮೇಲೇ ಉಚ್ಚೆ ಹೊಯ್ಯುತ್ತದೆ, ಬಂದವರ ಮೈಮೇಲೆ ಹಾರುತ್ತದೆ, ತಟ್ಟೆಯ ಹತ್ತಿರ ಹೋದರೆ ಹಲ್ಲು ಕಿರಿಯುತ್ತದೆ ಎಂದು ಜನ ತಲೆಯ ಮೇಲೆ ಕೈಹೊತ್ತು ಅವರ ಬಳಿ ಬರುತ್ತಿದ್ದರು. ಹಳೇ ನೀರಿನ ಟ್ಯಾಂಕಿನ ಪಕ್ಕದ ಬಯಲಿಗೆ ತಂತಿಬೇಲಿ ಹಾಕಿಸಿ, ಮೂಲೆಯಲ್ಲೊಂದು ತಗಡಿನ ಶೆಡ್ಡು ಎಬ್ಬಿಸಿ, ಭಾನುವಾರ ಬೆಳಗ್ಗೆ ಮೇಷ್ಟ್ರು ಪಾಠ ಮಾಡುತ್ತಿದ್ದರು.

ಅವರ ಮೊದಲ ಪಾಠ ಯಾವತ್ತೂ ಒಂದೇ. ನಾಯಿ ಗುರ್ ಎನ್ನಬಾರದು. ಗುರ್ ಎಂದ ನಾಯಿ ನಾಳೆ ಕಚ್ಚುತ್ತದೆ, ಆದ್ದರಿಂದ ಗುರುಗುಟ್ಟುವುದನ್ನು ಚಿಗುರಿನಲ್ಲೇ ಚಿವುಟಬೇಕು ಎಂಬುದು ಅವರ ಲೆಕ್ಕ. ಕೊರಳಲ್ಲಿ ಬಿಗಿಯುವ ಸರಪಳಿ. ಗುರ್ ಎಂದ ಕೂಡಲೇ ಒಂದು ಜಗ್ಗು. ಎರಡು ಮೂರು ವಾರದಲ್ಲಿ ಎಂಥ ರಂಪದ ನಾಯಿಯೂ ತಣ್ಣಗಾಗುತ್ತಿತ್ತು. ಮನೆಯವರು ಕೈಮುಗಿದು ಹೋಗುತ್ತಿದ್ದರು.

ಅದಕ್ಕೆ ಸಾಕ್ಷಿಯಾಗಿ ಅವರದೇ ನಾಯಿ ಇತ್ತಲ್ಲ, ದೊರೆ. ಕಂದು ಬಣ್ಣ, ಅಗಲ ಎದೆ, ಏಳು ವರ್ಷ. ಆ ಹೆಸರು ಮೇಷ್ಟ್ರ ಹೆಂಡತಿ ಇಟ್ಟದ್ದು; ಮರಿಯನ್ನು ಮಡಿಲಲ್ಲಿಟ್ಟುಕೊಂಡೇ ಆಕೆ ಕಾಯಿಲೆಯ ಕೊನೆಯ ತಿಂಗಳುಗಳನ್ನು ಕಳೆದಿದ್ದಳು. ಪಾಠದ ಮೊದಲ ದಿನ ಮೇಷ್ಟ್ರು ದೊರೆಯ ಬಾಯಿಂದ ಮೂಳೆ ಕಿತ್ತುಕೊಂಡು ತೋರಿಸುತ್ತಿದ್ದರು. ಅದು ಕಮಕ್ ಕಿಮಕ್ ಎನ್ನುತ್ತಿರಲಿಲ್ಲ. ಏಳು ವರ್ಷದಲ್ಲಿ ಒಂದು ಸಲವೂ ಇದು ಗುರ್ ಎಂದಿಲ್ಲ ಎಂದು ಎದೆಯುಬ್ಬಿಸಿ ಹೇಳುತ್ತಿದ್ದರು.

ಮನೆಯಲ್ಲಿ ಮೇಷ್ಟ್ರು, ಮಗಳು, ನಾಲ್ಕು ವರ್ಷದ ಮೊಮ್ಮಗಳು. ಅಳಿಯ ಹಡಗಿನಲ್ಲಿ ಕೆಲಸ ಮಾಡುವವನು, ವರ್ಷಕ್ಕೆ ಎರಡು ತಿಂಗಳು ಮನೆಯಲ್ಲಿದ್ದರೆ ಹೆಚ್ಚು. ಮಗಳು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಆಕೆ ಹೊರಗಿದ್ದಷ್ಟು ಹೊತ್ತೂ ಮಗುವಿನ ಜವಾಬ್ದಾರಿ ತಾತನದು. ಮಗು ಒಂದು ಕಡೆ ಕೂತದ್ದೇ ಇಲ್ಲವಾದ್ದರಿಂದ ಎಲ್ಲರೂ ಅವಳನ್ನು ಗುಬ್ಬಿ ಎನ್ನುತ್ತಿದ್ದರು.

ಆ ಬುಧವಾರ ಮಧ್ಯಾಹ್ನ ಮೂರರ ಹೊತ್ತು. ಮಗಳು ಅಂಗಡಿಗೆ ಹೊರಡಲು ಕನ್ನಡಿಯ ಮುಂದೆ ತಲೆ ಬಾಚಿಕೊಳ್ಳುತ್ತಿದ್ದಳು. ಮೇಷ್ಟ್ರು ಅಡುಗೆಮನೆಯಲ್ಲಿ ಹಾಲು ಕಾಯಿಸುತ್ತಿದ್ದರು. ಗುಬ್ಬಿ ಒಂದು ಹೊದಿಕೆ ಎಳೆದುಕೊಂಡು ಊಟದ ಮೇಜಿನ ಕೆಳಗೆ ಮನೆ ಕಟ್ಟುವ ಆಟ ಹೂಡಿದ್ದಳು. ಅಲ್ಲೇ ದೊರೆ ಮಲಗಿತ್ತು. ಅವಳು ಅದಕ್ಕೂ ಹೊದಿಸಿ, ಅದರ ಬೆನ್ನಿನ ಮೇಲೆ ಮೈಚೆಲ್ಲಿ ಮಲಗಿದಳು.

ಒಂದು ಸದ್ದಿಲ್ಲ, ಸುಳಿವಿಲ್ಲ. ನೇರವಾಗಿ ಮಗುವಿನ ಕಿರುಚಾಟವೇ ಕೇಳಿತು.

ಮೇಷ್ಟ್ರು ಓಡಿ ಬರುವಷ್ಟರಲ್ಲಿ ದೊರೆ ಗೋಡೆಗೆ ಅಂಟಿಕೊಂಡು ಬಾಲ ಮುದುಡಿ ನಿಂತಿತ್ತು. ಗುಬ್ಬಿಯ ಕೆನ್ನೆ ಕಣ್ಣಿನ ಕೆಳಗಿಂದ ತುಟಿಯ ಅಂಚಿನವರೆಗೆ ತೆರೆದುಕೊಂಡಿತ್ತು. ಮಗಳು ಬಾಚಣಿಗೆ ಹಿಡಿದೇ ಓಡಿಬಂದಳು. ನಾಯಿ ಕಚ್ಚಿದರೆ ಸೋಪು ಹಚ್ಚಿ ಕಾಲು ಗಂಟೆ ನೀರು ಬಿಡಬೇಕು ಎಂದು ನೂರು ಮನೆಗೆ ಹೇಳಿಕೊಟ್ಟಿದ್ದ ಮೇಷ್ಟ್ರು ತಮ್ಮದೇ ಮೊಮ್ಮಗಳ ಮುಖವನ್ನು ನಲ್ಲಿಯ ಕೆಳಗೆ ಹಿಡಿದರು. ಮಗು ತಾತಾ ಬಿಡು, ತಾತಾ ಬಿಡು ಎಂದು ಒದ್ದಾಡುತ್ತಿತ್ತು. ಆ ಕಾಲು ಗಂಟೆಯಷ್ಟು ಉದ್ದದ ಹೊತ್ತನ್ನು ಅವರು ಜೀವಮಾನದಲ್ಲಿ ಕಂಡಿರಲಿಲ್ಲ.

ಆಸ್ಪತ್ರೆಯಲ್ಲಿ ಸೂಜಿಗಳಾದವು, ಏಳು ಹೊಲಿಗೆ ಬಿದ್ದವು. ಅರ್ಧ ಬೆರಳಿನಷ್ಟು ಮೇಲೆ ಹಲ್ಲು ತಾಗಿದ್ದರೆ ಕಣ್ಣೇ ಹೋಗುತ್ತಿತ್ತು ಎಂದು ವೈದ್ಯರು ಹೇಳಿದರು. ಗುಬ್ಬಿಗೆ ಮಂಪರು ಹತ್ತಿದ ಮೇಲೆ ಮಗಳು ವಾರ್ಡಿನ ಬಾಗಿಲ ಬಳಿ ಬಂದು ತಂದೆಯ ಮುಖ ನೋಡದೆ ಹೇಳಿದಳು:

"ಅಪ್ಪ, ನಾನು ಮಗೂನ ಕರ್ಕೊಂಡು ಮನೆಗೆ ಬರೋ ಹೊತ್ತಿಗೆ ಅದು ಇರಬಾರದು."

"ಇರಲ್ಲಮ್ಮ," ಎಂದರು ಮೇಷ್ಟ್ರು. ಅವರ ಮಟ್ಟಿಗೆ ಅದು ತೀರ್ಮಾನವಾಗಿಹೋಗಿತ್ತು. ಮಗುವಿನ ಮುಖಕ್ಕೆ ಬಾಯಿ ಹಾಕಿದ ನಾಯಿಗೆ ಇನ್ನೇನು ಉಳಿದಿರುತ್ತದೆ?

ಪಶುವೈದ್ಯೆಗೂ ಅವರಿಗೂ ಅಷ್ಟಕ್ಕಷ್ಟೆ. ಮೂವತ್ತು ದಾಟಿರದ ಹುಡುಗಿ. ಎರಡು ವರ್ಷದ ಹಿಂದೆ ಬಂದಾಗ ಈ ಬಿಗಿಯುವ ಸರಪಳಿ ಬಿಡಿ ಮೇಷ್ಟ್ರೇ ಎಂದು ಹೇಳಿದ್ದಳು. ನಿನ್ನೆ ಮೊನ್ನೆ ಬಂದವಳು ನನಗೆ ಪಾಠ ಹೇಳುತ್ತಾಳೆ ಎಂದು ಅವರು ಅವಳ ದವಾಖಾನೆಯ ಮೆಟ್ಟಿಲು ಹತ್ತುವುದನ್ನೇ ಬಿಟ್ಟಿದ್ದರು. ಈಗ ಅದೇ ಮೆಟ್ಟಿಲ ಮೇಲೆ ದೊರೆಯನ್ನು ಎತ್ತಿಕೊಂಡು ನಿಂತರು. ನಾಯಿ ಮೆಟ್ಟಿಲು ಹತ್ತಲು ಒಪ್ಪಿರಲಿಲ್ಲ. ಈ ನಡುವೆ ಒಂದು ತಿಂಗಳಿಂದ ಹಾಗೆಯೇ ಮಾಡುತ್ತಿತ್ತು. ಮೈಗಳ್ಳತನ ಬಂದಿದೆ ಎಂದು ಅವರು ಎರಡು ಸಲ ಸರಪಳಿ ಜಗ್ಗಿದ್ದರು.

ಡಾಕ್ಟ್ರಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಮಗು ಹೇಗಿದೆ ಎಂದು ಮೊದಲು ವಿಚಾರಿಸಿದಳು. ಆಮೇಲೆ ಕೇಳಿದಳು:

"ಕಚ್ಚೋಕೆ ಮುಂಚೆ ಗುರುಗುಟ್ಟಿತಾ?"

"ಇಲ್ಲ. ಏಳು ವರ್ಷದಲ್ಲಿ ಒಂದು ಸಲಾನೂ ಗುರ್ ಅಂದಿಲ್ಲ." ಹೇಳುವಾಗ ಹಳೆಯ ಹೆಮ್ಮೆ ಅಭ್ಯಾಸಬಲದಿಂದ ದನಿಗೆ ಬಂದುಬಿಟ್ಟಿತ್ತು. ಅದು ತಮ್ಮ ಕಿವಿಗೇ ಬಿತ್ತು.

ಅವಳು ದೊರೆಯ ಕಿವಿ, ಹಲ್ಲು, ಹೊಟ್ಟೆ ಮುಟ್ಟಿ ನೋಡಿದಳು. ಸೊಂಟದ ಬಳಿ ಕೈ ಹೋದಾಗ ನಾಯಿಯ ಮೈ ಮರದ ಕೊರಡಿನ ಹಾಗೆ ಸೆಟೆಯಿತು. ಮುಖ ಆ ಕಡೆ ತಿರುಗಿತು. ನಾಲಿಗೆ ತುಟಿ ಸವರಿತು. ಕಣ್ಣಿನ ಬಿಳಿ ಅಂಚು ಕಾಣಿಸಿತು. ಬಾಯಿಂದ ಮಾತ್ರ ಒಂದು ಸದ್ದೂ ಹೊರಡಲಿಲ್ಲ. ಎಕ್ಸ್‌ರೇ ತೆಗೆದು ಬೆಳಕಿಗೆ ಹಿಡಿದಳು. ಸೊಂಟದ ಎರಡೂ ಕೀಲು ಸವೆದು ಹೋಗಿದ್ದವು. ಮಗು ಭಾರ ಬಿಟ್ಟು ಮಲಗಿದ್ದು ಅಲ್ಲೇ.

"ಗುರ್ ಅನ್ನೋದು ನಾಯಿಯ ಸಿಟ್ಟಲ್ಲ ಮೇಷ್ಟ್ರೇ. ನೋಯ್ತಿದೆ, ದೂರ ಹೋಗು ಅಂತ ಅದು ಹೇಳೋ ಮಾತು. ಆ ಮಾತನ್ನ ಇದರ ಬಾಯಿಂದ ಕಿತ್ಕೊಂಡಾಗಿತ್ತು. ಉಳಿದಿದ್ದು ಹಲ್ಲೊಂದೇ."

ಮೇಷ್ಟ್ರಿಗೆ ಸಿಟ್ಟು ನೆತ್ತಿಗೇರಿತು. ನಾನು ಕೇಳಲು ಬಂದದ್ದು ಉಪನ್ಯಾಸ ಅಲ್ಲ, ಇದನ್ನು ಮುಗಿಸುವ ಸೂಜಿ ಕೊಡಿ ಎಂದರು. ಅವಳು ವಾದಕ್ಕಿಳಿಯಲಿಲ್ಲ. ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಿಸಿದ ನಾಯಿಯಾದರೂ ಮನುಷ್ಯರನ್ನು ಕಚ್ಚಿದ ಮೇಲೆ ಹತ್ತು ದಿನ ಕಣ್ಣಿಟ್ಟು ನೋಡಲೇಬೇಕು, ಅಲ್ಲಿಯವರೆಗೆ ಕೊಲ್ಲುವ ಹಾಗಿಲ್ಲ ಎಂದಳು. ನೋವಿಗೆ ಮಾತ್ರೆ ಬರೆದುಕೊಟ್ಟಳು. ಹತ್ತು ದಿನದ ನಂತರವೂ ನಿಮಗೆ ಅದೇ ಸರಿ ಅನ್ನಿಸಿದರೆ ನಾನೇ ಬರುತ್ತೇನೆ, ಅದರಲ್ಲಿ ತಪ್ಪೇನೂ ಇಲ್ಲ ಎಂದಳು. ಆ ಕೊನೆಯ ಮಾತು ಅವರಿಗೆ ಬೈಗುಳಕ್ಕಿಂತ ಹೆಚ್ಚು ನಾಟಿತು.

ಹತ್ತು ದಿನ ಎಂದು ಮಗಳಿಗೆ ಫೋನಿನಲ್ಲಿ ಹೇಳಿದರು. ಅದಕ್ಕೆ ಹನ್ನೊಂದನೆಯ ದಿನ ಅಂತ ಇರಬಾರದು ಎಂದಳು. ಅಂಗಡಿಗೆ ರಜೆ ಹಾಕಿ ಮಗುವನ್ನು ತಾನೇ ನೋಡಿಕೊಳ್ಳುತ್ತೇನೆ, ನೀನು ಬರುವುದು ಬೇಡ ಎಂದೂ ಹೇಳಿದಳು. ನಾಯಿಯ ಜೊತೆಗೆ ಅವರೂ ಮನೆಯಿಂದ ಹೊರಗೆ ಬಿದ್ದಂತಾಯಿತು. ಮೇಷ್ಟ್ರು ಹಾಸಿಗೆ ಸುತ್ತಿಕೊಂಡು ಬಯಲಿನ ಶೆಡ್ಡಿಗೆ ಹೋದರು.

ಮೊದಲೆರಡು ದಿನ ಅವರು ನಾಯಿಯ ಕಡೆ ಮುಖ ಕೊಟ್ಟು ನೋಡಲಿಲ್ಲ. ನೀರು, ಅನ್ನ, ಮಾತ್ರೆ ಇಟ್ಟು ಬೆನ್ನು ತಿರುಗಿಸಿ ಕೂರುತ್ತಿದ್ದರು. ಕಣ್ಣು ಮುಚ್ಚಿದರೆ ನಲ್ಲಿಯ ನೀರಿನಲ್ಲಿ ತೆಳ್ಳಗಾಗುತ್ತ ಹರಿಯುವ ರಕ್ತ. ಮೂರನೆಯ ದಿನ, ಮಾಡಲು ಬೇರೇನೂ ಇಲ್ಲದ್ದರಿಂದ, ನೋಡಿದರು. ದೊರೆ ಏಳುವಾಗ ಮೊದಲು ಮುಂಗಾಲು ಊರಿ, ಸ್ವಲ್ಪ ತಡೆದು, ಹಿಂಗಾಲನ್ನು ಎಳೆದುಕೊಳ್ಳುತ್ತಿತ್ತು. ಕೂತರೆ ಒಂದೇ ಪಕ್ಕಕ್ಕೆ ಒರಗುತ್ತಿತ್ತು. ಇದೆಲ್ಲ ಅವರು ಕಂಡದ್ದೇ. ಕಂಡೂ ಸರಪಳಿ ಜಗ್ಗಿದ್ದರು.

ನಾಲ್ಕನೆಯ ದಿನ ಬೆಳಗ್ಗೆ ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ ಅದರ ಸೊಂಟಕ್ಕೆ ಇಟ್ಟರು. ಮೈ ಸೆಟೆಯಿತು. ತುಟಿ ಸವರಿತು. ಆಮೇಲೆ ಎಲ್ಲೋ ಪಾತಾಳದಿಂದ ಬಂದಂತೆ, ಕೇಳಿಸಿತೋ ಇಲ್ಲವೋ ಎನ್ನುವ ಹಾಗೆ, ಒಂದು ಸದ್ದು ಬಂತು. ಗುರ್.

ಮೇಷ್ಟ್ರ ಬಲಗೈ ತಾನಾಗಿಯೇ ಸರಪಳಿಗೆ ಹೋಯಿತು. ಸದ್ದು ಅಲ್ಲಿಗೇ ನಿಂತಿತು. ದೊರೆ ಕಣ್ಣು ಮುಚ್ಚಿ, ಕೊರಳನ್ನು ಹೆಗಲೊಳಗೆ ಎಳೆದುಕೊಂಡು, ಬರಬೇಕಾದ ಜಗ್ಗಿಗೆ ಕಾಯುತ್ತಾ ಕೂತಿತು. ಏಳು ವರ್ಷ ಅದು ಹೀಗೆ ಕಾದದ್ದನ್ನು ಅವರು ವಿಧೇಯತೆ ಎಂದುಕೊಂಡಿದ್ದರು. ಅವರು ಕೈ ತೆಗೆದರು. ಸರಪಳಿಯನ್ನು ಬಿಚ್ಚಿ ಆಚೆಗೆ ಇಟ್ಟರು.

"ಆಯ್ತು ಕಣೋ. ಮುಟ್ಟಲ್ಲ, ಆಯ್ತು," ಎಂದರು. ಅಷ್ಟು ಹೇಳುವಷ್ಟರಲ್ಲಿ ದುಃಖ ಒತ್ತರಿಸಿ ಬಂದು, ತಗಡಿನ ಗೋಡೆಗೆ ಹಣೆಯಿಟ್ಟು, ಹೆಂಡತಿ ಸತ್ತಾಗಲೂ ಅಳದ ಹಾಗೆ ಅತ್ತರು.

ಅಳು ನಿಂತ ಮೇಲೆ ಬಂದದ್ದು ಭಯ. ಇದೊಂದೇ ನಾಯಿಯಲ್ಲವಲ್ಲ. ಶೆಡ್ಡಿನ ಕಪಾಟಿನಲ್ಲಿ ಇಪ್ಪತ್ತೆರಡು ವರ್ಷದ ದಾಖಲೆ ಪುಸ್ತಕಗಳಿದ್ದವು. ನಾಯಿಯ ಹೆಸರು, ಮನೆಯ ವಿಳಾಸ, ಮನೆಯಲ್ಲಿ ಎಷ್ಟು ಜನ, ಮಕ್ಕಳೆಷ್ಟು, ಎಲ್ಲ ಅವರದೇ ಅಕ್ಷರ. ಕೊನೆಯ ಅಂಕಣದಲ್ಲಿ ಸಾಲುಸಾಲಾಗಿ ಒಂದೇ ಮಾತು: ಗುರುಗುಟ್ಟುವುದು ನಿಂತಿದೆ. ಪುಟ ತಿರುವುತ್ತಾ, ಈಗಲೂ ಬದುಕಿರಬಹುದಾದ ನಾಯಿಗಳನ್ನು, ಅದರಲ್ಲೂ ಮಕ್ಕಳಿರುವ ಮನೆಗಳನ್ನು ಗುರುತು ಹಾಕಿದರು. ಐವತ್ತಮೂರು ಮನೆ.

ದೊರೆಯನ್ನು ಒಳಗೆ ಬಿಟ್ಟು ಬೀಗ ಹಾಕಿಕೊಂಡು ಅವತ್ತೇ ಹೊರಟರು. ಮೊದಲು ಬೇಕರಿಯವನ ಮನೆ. ಆತ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಎಲ್ಲ ಕೇಳಿ ನಕ್ಕುಬಿಟ್ಟ. ಏನು ಮೇಷ್ಟ್ರೇ, ದುಡ್ಡು ಕೊಟ್ಟು ನಿಲ್ಲಿಸಿಕೊಂಡ ಗುರುಗುಟ್ಟುವಿಕೆಯನ್ನು ಈಗ ಮತ್ತೆ ಕಲಿಸಬೇಕೇ, ನಿಮಗೆ ಬಿಸಿಲು ತಾಗಿದೆ ಎಂದು ಕೂರಿಸಿ ನೀರು ಕೊಟ್ಟ. ಇನ್ನೊಂದು ಮನೆಯಲ್ಲಿ ಬಾಗಿಲ ಸಂದಿಯಿಂದಲೇ ಮಾತಾಡಿ ಕಳಿಸಿದರು. ಮತ್ತೊಂದು ಮನೆಯ ಅಜ್ಜ ಮಾತ್ರ ಚೀಟಿಯಲ್ಲಿ ಬರೆಸಿಕೊಂಡರು: ನಾಯಿ ಮುಖ ತಿರುಗಿಸಿದರೆ, ತುಟಿ ಸವರಿದರೆ, ಮೈ ಸೆಟೆದರೆ, ಅದನ್ನು ಅದರ ಪಾಡಿಗೆ ಬಿಡಿ. ಗುರ್ ಎಂದರೆ ಬೈಯಬೇಡಿ, ಹಿಂದೆ ಸರಿಯಿರಿ, ಏನು ನೋವಿದೆ ನೋಡಿ. ತಿನ್ನುವಾಗ, ಮಲಗಿರುವಾಗ ಮಕ್ಕಳನ್ನು ಹತ್ತಿರ ಬಿಡಬೇಡಿ.

ಆರನೆಯ ದಿನ ದರ್ಜಿ ಅಕ್ಕನ ಮನೆಗೆ ಹೋದರು. ಆಕೆ ಹೊಲಿಗೆ ಯಂತ್ರದ ಮುಂದೆ ಕೂತೇ ಕೇಳಿಸಿಕೊಂಡಳು. ಕಾಲಿನಿಂದ ತುಳಿಯುವುದನ್ನು ನಿಲ್ಲಿಸಿದಳು.

"ನಮ್ಮ ನಾಯಿ ನನ್ನ ತಂಗಿ ಮಗನ ಕೈ ಕಚ್ಚಿತ್ತಲ್ಲ ಹೋದ ವರ್ಷ," ಎಂದಳು. "ನಿಮ್ಮ ಹತ್ರಾನೇ ಓಡಿ ಬಂದಿದ್ದೆ. ಆ ಜಾತಿನೇ ಅಂಥದ್ದು, ಇಟ್ಕೋಬೇಡ ಅಂದ್ರಿ. ಕರ್ಕೊಂಡು ಹೋಗಿ ಸೂಜಿ ಹಾಕಿಸಿದೆ. ಕೊನೇವರೆಗೂ ನನ್ನ ಕೈ ನೆಕ್ತಾ ಇತ್ತು ಅದು."

ಮೇಷ್ಟ್ರಿಗೆ ಆ ದಿನ ಪೂರ್ತಿ ನೆನಪಾಯಿತು. ಎಷ್ಟು ಸಲೀಸಾಗಿ ಹೇಳಿದ್ದರು.

"ತಪ್ಪಾಯ್ತಮ್ಮ," ಎಂದರು.

ಆಕೆ ಎದ್ದು ಬಾಗಿಲಿನವರೆಗೂ ಬಂದಳು. ಬೈಯುತ್ತಾಳೆ ಎಂದುಕೊಂಡರು, ಬೈದಿದ್ದರೆ ಒಳ್ಳೆಯದಿತ್ತು. ಸದ್ದಾಗದ ಹಾಗೆ ಬಾಗಿಲು ಮುಚ್ಚಿಕೊಂಡಳು. ಮತ್ತೆ ಯಂತ್ರದ ಸದ್ದು ಕೇಳುತ್ತದೆಯೇ ಎಂದು ಅವರು ಹೊರಗೆ ತುಂಬ ಹೊತ್ತು ನಿಂತರು. ಕೇಳಲಿಲ್ಲ.

ಆಮೇಲೆ ಯಾರ ಮನೆಗೂ ಹೋಗುವುದು ಬೇಡವೆನ್ನಿಸಿತು. ಬೇಲಿಯ ಬುಡದಲ್ಲಿ ಕೂತು, ಇಷ್ಟು ವರ್ಷ ಮಾಡಿದ್ದನ್ನು ಐದಾರು ದಿನದಲ್ಲಿ ಅಳಿಸಲು ಹೊರಟಿರುವ ನನಗಿಂತ ಹುಚ್ಚ ಯಾರಿದ್ದಾರೆ ಎಂದುಕೊಂಡರು. ಪುಸ್ತಕ ಮುಚ್ಚುವ ಮುನ್ನ ಕಡೆಯ ಪುಟ ಕಣ್ಣಿಗೆ ಬಿತ್ತು. ಎಲೆಕ್ಟ್ರಿಷಿಯನ್ ಮನೆ. ತಟ್ಟೆ ಮುಟ್ಟಿದರೆ ಗುರ್ ಎನ್ನುತ್ತಿದ್ದ ಕರಿ ನಾಯಿ. ಪಾಠ ಮುಗಿದು ತಿಂಗಳೂ ಆಗಿರಲಿಲ್ಲ. ಮನೆಯಲ್ಲಿ ಎಂಟು ತಿಂಗಳ ಕೂಸು ಎಂದು ತಾವೇ ಬರೆದಿದ್ದರು. ಎದ್ದು ಹೊರಟೇಬಿಟ್ಟರು; ಚಪ್ಪಲಿ ಹಾಕಿಕೊಳ್ಳದಿದ್ದದ್ದು ಅರ್ಧ ದಾರಿಯಲ್ಲಿ ಅರಿವಾಯಿತು.

ಬಾಗಿಲು ತೆರೆದೇ ಇತ್ತು. ಎಲೆಕ್ಟ್ರಿಷಿಯನ್‌ನ ಹೆಂಡತಿ ಬನ್ನಿ ಮೇಷ್ಟ್ರೇ ಎಂದು ನಗುತ್ತಾ ಕರೆದಳು. ಬಟ್ಟೆ ಮಡಚುತ್ತಿದ್ದಳು. ಈಗ ಇದು ಎಷ್ಟು ಸಾಧುವಾಗಿದೆ ನೋಡಿ, ಒಂದು ಸದ್ದಿಲ್ಲ, ಪಾಪು ಕಿವಿ ಹಿಡಿದು ಎಳೆದರೂ ಸುಮ್ಮನಿರುತ್ತದೆ ಎಂದಳು. ಕೂಸು ಅಂಬೆಗಾಲಿಟ್ಟು ನಾಯಿಯ ಕಡೆಗೇ ಹೋಗುತ್ತಿತ್ತು. ನಾಯಿ ಮೂಲೆಯಲ್ಲಿ ಒಂದು ಒಣ ಮೂಳೆಯನ್ನು ಮುಂಗಾಲಿನ ನಡುವೆ ಇಟ್ಟುಕೊಂಡು ಮಲಗಿತ್ತು. ಅಗಿಯುವುದನ್ನು ನಿಲ್ಲಿಸಿತು. ಮುಖ ಗೋಡೆಯ ಕಡೆ ತಿರುಗಿಸಿತು. ತುಟಿ ಸವರಿತು. ಕಣ್ಣಿನ ಬಿಳಿ ಅಂಚು ಕಾಣಿಸಿತು. ಹಿಂದೆ ಸರಿಯಲು ಗೋಡೆ ಬಿಟ್ಟರೆ ಜಾಗವಿರಲಿಲ್ಲ. ಕೂಸು ಕೈ ಚಾಚಿತು.

ಮೇಷ್ಟ್ರು ಕೂಗಲಿಲ್ಲ, ಓಡಲೂ ಇಲ್ಲ. ಕೂಗಿದರೆ ನಾಯಿ ಬೆದರುತ್ತದೆ ಎಂಬಷ್ಟು ತಿಳಿವಳಿಕೆ ಉಳಿದಿತ್ತು. ಎರಡೇ ಹೆಜ್ಜೆಗೆ ಬಗ್ಗಿ ಕೂಸನ್ನು ಹಿಂದಿನಿಂದ ಎತ್ತಿಕೊಂಡರು. ನಾಯಿಯ ಹಲ್ಲು ಗಾಳಿಯಲ್ಲಿ ಟಕ್ ಎಂದು ಕೂಡಿಕೊಂಡಿತು, ಪುಟ್ಟ ಕೈ ಇದ್ದ ಜಾಗದಲ್ಲೇ. ತಾಯಿಯ ಕೈಯಿಂದ ಬಟ್ಟೆ ಜಾರಿ ಬಿತ್ತು.

"ಅದು ಸಾಧುವಾಗಿಲ್ಲಮ್ಮ. ಅದರ ಬಾಯಿ ಕಟ್ಟಿಬಿಟ್ಟಿದ್ದೀನಿ ನಾನು," ಎಂದರು ಮೇಷ್ಟ್ರು. ಕೂಸನ್ನು ಆಕೆಯ ಕೈಗೆ ಕೊಟ್ಟರು. ಗುಬ್ಬಿಯ ಕೆನ್ನೆಯ ವಿಷಯ ಅಲ್ಲೇ ನೆಲದ ಮೇಲೆ ಕೂತು ಹೇಳಿದರು. ಸಂಜೆ ಗಂಡ ಬಂದ ಮೇಲೆ ಅವನಿಗೂ ಹೇಳಿದರು. ಕೂಸಿಗೂ ನಾಯಿಗೂ ನಡುವೆ ಅಡ್ಡ ಹಲಗೆ ಹೊಡೆಯುವುದರಿಂದ ಹಿಡಿದು ಡಾಕ್ಟ್ರಮ್ಮನ ಬಳಿ ಕರೆದೊಯ್ಯುವವರೆಗೆ ಏನೇನು ಮಾಡಬೇಕೋ ಎಲ್ಲವನ್ನೂ ಕಾಲಿಗೆ ಬೀಳುವವರ ಹಾಗೆ ಬೇಡಿಕೊಂಡು ಒಪ್ಪಿಸಿ ಬಂದರು.

ಹತ್ತನೆಯ ದಿನ ಬಂದೇ ಬಂತು. ಆ ನಡುವೆ ದೊರೆಯನ್ನು ತೆಗೆದುಕೊಳ್ಳುವವರಿಗಾಗಿ ಅವರು ತಟ್ಟದ ಬಾಗಿಲಿಲ್ಲ. ಮಗುವನ್ನು ಕಚ್ಚಿದ, ಸೊಂಟ ಬಿದ್ದ, ಏಳು ವರ್ಷದ ನಾಯಿ ಯಾರಿಗೆ ಬೇಕು? ಬೆಳಗ್ಗೆ ಡಾಕ್ಟ್ರಮ್ಮ ಚೀಲ ಹಿಡಿದು ಬಂದಳು. ನಾಯಿಗೆ ರೋಗದ ಲಕ್ಷಣವಿಲ್ಲ ಎಂದು ಚೀಟಿ ಬರೆದಳು. ಇನ್ನು ನಿಮ್ಮ ತೀರ್ಮಾನ ಎಂದು ಚೀಲದ ಬಾಯಿ ತೆರೆಯದೆ ಪಕ್ಕಕ್ಕಿಟ್ಟಳು. ಮೇಷ್ಟ್ರು ಮಗಳಿಗೆ ಮಾತು ಕೊಟ್ಟಿದ್ದೇನೆ ಎಂದರು. ದೊರೆಯ ತಲೆಯನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡರು. ಮಾತ್ರೆಯಿಂದ ನೋವು ತಗ್ಗಿ ಅದು ಎಷ್ಟೋ ದಿನದ ನಂತರ ಕಾಲು ಚಾಚಿ ಮಲಗಿತ್ತು.

ಬೇಲಿಯಾಚೆ ಮಗಳು ನಿಂತಿದ್ದಳು. ಯಾವಾಗ ಬಂದಳೋ ತಿಳಿಯಲಿಲ್ಲ. ಒಳಗೆ ಬರಲಿಲ್ಲ. ಎಲೆಕ್ಟ್ರಿಷಿಯನ್‌ನ ಹೆಂಡತಿ ಕೂಸನ್ನು ಎತ್ತಿಕೊಂಡು ಹಿಂದಿನ ದಿನ ಮನೆಗೆ ಬಂದಿದ್ದಳಂತೆ. ಗುಬ್ಬಿಯ ಹೊಲಿಗೆ ನೋಡಿ ಕಣ್ಣೊರೆಸಿಕೊಂಡು, ಇವಳ ತಾತ ಬರದಿದ್ದರೆ ನನ್ನ ಮಗುವಿಗೂ ಇದೇ ಆಗುತ್ತಿತ್ತು ಎಂದು ಹೇಳಿ ಹೋಗಿದ್ದಳಂತೆ.

"ಇದನ್ನ ಕೊಲ್ಲಿಸಿದ್ರೆ ನನಗೆ ಸಮಾಧಾನ ಆಗುತ್ತೆ ಅಂದ್ಕೊಂಡಿದ್ದೆ ಅಪ್ಪ," ಎಂದಳು ಮಗಳು. ತಂತಿ ಹಿಡಿದುಕೊಂಡ ಬೆರಳು ಬೆಳ್ಳಗಾಗಿತ್ತು. "ಆಗಲ್ಲ. ಆದ್ರೆ ಇದು ಮನೆ ಹೊಸ್ತಿಲು ತುಳಿಯೋ ಹಾಗಿಲ್ಲ. ಯಾವತ್ತೂ. ಗುಬ್ಬಿ ಕಣ್ಣಿಗೂ ಬೀಳಬಾರದು."

"ಇಲ್ಲಮ್ಮ."

"ನಿನ್ನ ಮೇಲಿನ ಸಿಟ್ಟು ಹೋಗಿಲ್ಲ ನಂಗೆ."

"ಗೊತ್ತು."

ಅವಳು ಬಂದ ದಾರಿಯಲ್ಲೇ ಹೋದಳು. ಡಾಕ್ಟ್ರಮ್ಮ ಚೀಲ ಎತ್ತಿಕೊಂಡು, ಮಾತ್ರೆ ಮುಗಿಯುವ ಮುಂಚೆ ಬನ್ನಿ ಎಂದಷ್ಟೇ ಹೇಳಿದಳು. ಮೇಷ್ಟ್ರು ದೊರೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೇ ಬಹಳ ಹೊತ್ತು ಕೂತಿದ್ದರು.

ಅಂದಿನಿಂದ ಅವರ ಬದುಕು ಎರಡು ತುಂಡಾಯಿತು, ಮಗು ಇರುವ ಮನೆ ಒಂದು, ದೊರೆ ಇರುವ ಶೆಡ್ಡು ಒಂದು. ಬಯಲಿನ ಗೇಟಿಗೆ ಎರಡು ಬೀಗ ಬಿದ್ದವು. ದೊರೆ ಹೊರಗೆ ಕಾಲಿಟ್ಟರೆ ಕಚ್ಚಲಾಗದ ಹಾಗೆ ಮೂತಿಗೆ ಕುಕ್ಕೆ ಹಾಕಿಸಿಕೊಂಡೇ. ಒಂದು ತಿಂಗಳು ಮಗಳು ಮೊಮ್ಮಗಳನ್ನು ಅವರ ಬಳಿ ಒಂಟಿಯಾಗಿ ಬಿಡಲಿಲ್ಲ. ಆಮೇಲೆ ಒಂದು ದಿನ ಅಂಗಡಿಯಲ್ಲಿ ಯಾರೋ ರಜೆ ಹಾಕಿದರೆಂದು ತುರ್ತಾಗಿ ಕರೆಸಿದಳು, ಮರುದಿನವೂ ಕರೆಸಿದಳು. ಗುಬ್ಬಿಯ ಕೆನ್ನೆಯ ಗೆರೆ ಕೆಂಪು ಕಳೆದು ಬೆಳ್ಳಗಾಗುತ್ತಿತ್ತು. ಬೀದಿಯಲ್ಲಿ ದೂರದಲ್ಲೊಂದು ನಾಯಿ ಕಂಡರೂ ಸಾಕು, ಅವಳು ತಾತನ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದು ಕಾಲುಗಳ ಸಂದಿಗೆ ಸೇರಿಕೊಳ್ಳುತ್ತಿದ್ದಳು. ಹೆದರಬೇಡ ಎಂದು ಮೇಷ್ಟ್ರು ಹೇಳುತ್ತಿರಲಿಲ್ಲ. ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದರು.

ಭಾನುವಾರದ ಪಾಠಕ್ಕೆ ಮೂವತ್ತು ಮನೆಯವರು ಬರುತ್ತಿದ್ದ ಕಡೆ ಈಗ ನಾಲ್ಕು ಮನೆಯವರು ಬರುತ್ತಾರೆ. ಉಳಿದವರು ಮೇಷ್ಟ್ರಿಗೆ ತಲೆ ಕೆಟ್ಟಿದೆ ಎಂದು ಬೇರೆ ಕಡೆ ಹೋದರು. ಐವತ್ತಮೂರು ಮನೆಯಲ್ಲಿ ನಲವತ್ತೆರಡು ಸಿಕ್ಕವು. ಕೆಲವರು ಕೇಳಿದರು, ಕೆಲವರು ಕೇಳಿದ ಹಾಗೆ ಮಾಡಿದರು. ಹನ್ನೊಂದು ಮನೆಯವರು ಊರು ಬಿಟ್ಟೋ ಮನೆ ಬದಲಿಸಿಯೋ ಹೋಗಿದ್ದಾರೆ. ಅಲ್ಲಿಗೆ ಹೊಸದಾಗಿ ಬಂದವರಿಗೆ ಹಿಂದಿದ್ದವರ ಸುದ್ದಿ ಗೊತ್ತಿಲ್ಲ. ಮೇಷ್ಟ್ರು ಮಧ್ಯಾಹ್ನದ ಬಿಸಿಲಿನಲ್ಲಿ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಆ ಬೀದಿಗಳಲ್ಲಿ ವಿಚಾರಿಸುತ್ತಲೇ ಇರುತ್ತಾರೆ. ಹಾಲಿನವನನ್ನು ಕೇಳುತ್ತಾರೆ, ಅಂಚೆಯವನನ್ನು ಕೇಳುತ್ತಾರೆ. ಇಂಥವರು, ಬಿಳಿ ನಾಯಿ, ಇಬ್ಬರು ಚಿಕ್ಕ ಮಕ್ಕಳು, ಎಲ್ಲಿಗೆ ಹೋದರು ಗೊತ್ತೇ ಎಂದು ಕೇಳುತ್ತಾರೆ. ಗೊತ್ತಿಲ್ಲ ಎಂದರೆ ಮುಂದಿನ ಮನೆಯ ಬಾಗಿಲು ತಟ್ಟುತ್ತಾರೆ.